ಡ್ರಾಪ್‌ಡೌನ್ ಮೆನು ಕಿವಿಗೆ ಹೇಗೆ ಕೇಳಿಸಬೇಕು?

ಒಂದು ಗ್ರಂಥಾಲಯದ ಜಾಲತಾಣ ಇದೆ ಎಂದುಕೊಳ್ಳಿ. ಪುಟದ ನೆತ್ತಿಯಲ್ಲಿ ಐದು ಹೆಸರು: ಮುಖಪುಟ, ಪುಸ್ತಕಗಳು, ಸದಸ್ಯತ್ವ, ಶಾಖೆಗಳು, ಸಂಪರ್ಕ. ‘ಪುಸ್ತಕಗಳು’ ಮೇಲೆ ಮೌಸ್ ಒಯ್ದರೆ ಆರು ಲಿಂಕುಗಳ ಪಟ್ಟಿ ಕೆಳಗಿಳಿಯುತ್ತದೆ: ಕಾದಂಬರಿ, ಕವನ, ನಾಟಕ, ವಿಮರ್ಶೆ, ಮಕ್ಕಳ ಪುಸ್ತಕ, ಹೊಸದಾಗಿ ಬಂದವು. ನೋಡಬಲ್ಲವರಿಗೆ ಇದು ಅರೆಕ್ಷಣದ ಕೆಲಸ. ಪುಟವನ್ನು ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶದ ಮೂಲಕ ಕೇಳುವವರಿಗೆ ಮಾತ್ರ ಅದೇ ಜಾಗದಲ್ಲಿ ಮೂರು ಪ್ರಶ್ನೆ ಏಳುತ್ತವೆ. ಇಲ್ಲಿ ತೆರೆಯುವಂಥದ್ದು ಏನಾದರೂ ಇದೆಯೇ? ಇದ್ದರೆ ಈಗ ತೆರೆದಿದೆಯೋ, ಮುಚ್ಚಿದೆಯೋ? ತೆರೆದ ಮೇಲೆ ಒಳಗಿರುವುದು ಮುಂದಿನ ಹೆಜ್ಜೆಯಲ್ಲೇ ಸಿಗುತ್ತದೆಯೇ, ಇಲ್ಲ ಪುಟವೆಲ್ಲ ಹುಡುಕಬೇಕೇ?

ಈ ಮೂರಕ್ಕೂ ಸರಿಯಾಗಿ ಉತ್ತರಿಸುವ ಮೆನು ಕಟ್ಟಲು ಬೇಕಾಗುವ ಕೋಡ್ ತೀರಾ ಕಡಿಮೆ. ತಪ್ಪುವುದು ಹೆಚ್ಚಾಗಿ ಕೋಡ್ ಸಾಲದ್ದರಿಂದಲ್ಲ, ಅತಿಯಾದ್ದರಿಂದ.

ಮೊದಲು, ಕೇಳುವವರು ಪುಟದಲ್ಲಿ ಹೇಗೆ ಓಡಾಡುತ್ತಾರೆ ಎಂಬುದು ತಿಳಿದಿರಬೇಕು. ವಿಂಡೋಸ್‌ನಲ್ಲಿ ಎನ್‌ವಿಡಿಎ ಮತ್ತು ಜಾಸ್ ಎಂಬ ಸ್ಕ್ರೀನ್ ರೀಡರ್‌ಗಳು ಎರಡೂ ಪುಟವನ್ನು ಒಂದು ಉದ್ದನೆಯ ಪಠ್ಯವನ್ನಾಗಿ ಮಾಡಿಕೊಂಡು ಓದುತ್ತವೆ. ಇದಕ್ಕೆ ಬ್ರೌಸ್ ಮೋಡ್ ಎನ್ನುತ್ತಾರೆ. ಕೆಳಬಾಣ ಒತ್ತಿದರೆ ಮುಂದಿನ ಸಾಲು, ‘ಎಚ್’ ಒತ್ತಿದರೆ ಮುಂದಿನ ಶೀರ್ಷಿಕೆ, ಎನ್‌ವಿಡಿಎಯಲ್ಲಿ ‘ಕೆ’ ಒತ್ತಿದರೆ ಮುಂದಿನ ಲಿಂಕ್, ‘ಬಿ’ ಒತ್ತಿದರೆ ಮುಂದಿನ ಬಟನ್. ಈ ಕೀಗಳನ್ನು ಸ್ಕ್ರೀನ್ ರೀಡರ್ ನಡುವೆಯೇ ಹಿಡಿದುಕೊಳ್ಳುತ್ತದೆ, ನಿಮ್ಮ ಜಾವಾಸ್ಕ್ರಿಪ್ಟ್‌ವರೆಗೆ ಅವು ಬರುವುದೇ ಇಲ್ಲ. ಫಾರಂನಲ್ಲಿ ಟೈಪ್ ಮಾಡುವ ಜಾಗ ಬಂದಾಗ ಅದು ಫೋಕಸ್ ಮೋಡ್‌ಗೆ ಹೊರಳುತ್ತದೆ. ಆಗ ಮಾತ್ರ ಕೀಗಳು ನೇರವಾಗಿ ಪುಟಕ್ಕೆ ತಲುಪುತ್ತವೆ. ಐಫೋನ್‌ನ ವಾಯ್ಸ್‌ಓವರ್, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್‌ಗಳಲ್ಲಿ ಕೀಲಿಮಣೆಯ ಗೊಡವೆಯೇ ಇಲ್ಲ. ಬಲಕ್ಕೆ ಸವರಿದರೆ ಮುಂದಿನ ಅಂಶ, ಎರಡು ಸಲ ತಟ್ಟಿದರೆ ಕ್ಲಿಕ್.

ಹೀಗಾಗಿ ಬಾಣದ ಕೀ ಒತ್ತಿದಾಗ ತೆರೆಯುವಂತೆ ಬರೆದ ಮೆನು ಬ್ರೌಸ್ ಮೋಡ್‌ನಲ್ಲಿ ತೆರೆಯುವುದಿಲ್ಲ. ಎಂಟರ್ ಕೀಗೆ ಕಾದು ಕುಳಿತ ಮೆನು ಫೋನಿನಲ್ಲಿ ತೆರೆಯುವುದಿಲ್ಲ. ಎಲ್ಲರಿಂದಲೂ ತಲುಪುವುದು ಒಂದೇ ಸಂಕೇತ, ಕ್ಲಿಕ್. ನಿಜವಾದ ಬಟನ್ ಟ್ಯಾಗ್ ಬಳಸಿ ಕ್ಲಿಕ್‌ಗೆ ಮಾತ್ರ ಓಗೊಟ್ಟರೆ ಎಂಟರ್, ಸ್ಪೇಸ್, ಎರಡು ತಟ್ಟು, ಮೌಸ್, ಧ್ವನಿ ಆದೇಶ ಎಲ್ಲವನ್ನೂ ಬ್ರೌಸರೇ ನೋಡಿಕೊಳ್ಳುತ್ತದೆ. ಸ್ವಂತ ಅರ್ಥವಿಲ್ಲದ ಡಿವ್ ಅಥವಾ ಸ್ಪ್ಯಾನ್ ಟ್ಯಾಗಿಗೆ ಕ್ಲಿಕ್ ಅಂಟಿಸಿದರೆ ಟ್ಯಾಬ್ ಕೀ ಒತ್ತುತ್ತ ಹೋದಾಗ ಅಲ್ಲಿ ನಿಲುಗಡೆ ಇರುವುದಿಲ್ಲ, ಹೆಸರಿನ ಜೊತೆ ‘ಬಟನ್’ ಎಂಬ ಪದವೂ ಕೇಳಿಸುವುದಿಲ್ಲ. ಹ್ಯಾಶ್ ಗುರುತಿಗೆ ಕಟ್ಟಿದ ಲಿಂಕ್ ಇನ್ನೊಂದು ಬಗೆಯ ಸುಳ್ಳು. ಲಿಂಕ್ ಎಂದರೆ ಬೇರೆಡೆಗೆ ಕರೆದೊಯ್ಯುವುದು. ಒತ್ತಿದವರು ಪುಟ ಬದಲಾಯಿತೆಂದು ಕಾಯುತ್ತಾರೆ, ಏನೂ ಆಗದಿದ್ದಾಗ ಮತ್ತೆ ಒತ್ತುತ್ತಾರೆ, ಮೆನು ಮುಚ್ಚಿಹೋಗುತ್ತದೆ.

ಕಟ್ಟುವ ಬಗೆ

ಹೊರಗೆ ಒಂದು ನ್ಯಾವ್ ಟ್ಯಾಗ್, ಅಂದರೆ ಇದು ದಾರಿ ತೋರುವ ಭಾಗ ಎಂದು ಹೇಳುವ ಟ್ಯಾಗ್. ಅದರ ಏರಿಯಾ-ಲೇಬಲ್ ‘ಮುಖ್ಯ’ ಎಂದಿದ್ದರೆ ಸಾಕು. (ಏರಿಯಾ, ARIA, ಎಂದರೆ ಅಂಶದ ಹೆಸರು, ಸ್ಥಿತಿಗಳನ್ನು ಸ್ಕ್ರೀನ್ ರೀಡರ್‌ಗೆ ತಿಳಿಸಲು ಟ್ಯಾಗಿಗೆ ಸೇರಿಸುವ ಗುಣಗಳ ಗುಂಪು.) ‘ನ್ಯಾವಿಗೇಷನ್’ ಎಂಬ ಪದವನ್ನು ಸ್ಕ್ರೀನ್ ರೀಡರ್ ತಾನೇ ಸೇರಿಸುತ್ತದೆ, ನೀವೂ ಬರೆದರೆ ಎರಡು ಸಲ ಕೇಳಿಸುತ್ತದೆ. ಒಳಗೆ ಯುಎಲ್ ಟ್ಯಾಗಿನ ಪಟ್ಟಿ, ಅದರಲ್ಲಿ ಐದು ಎಲ್‌ಐ, ಅಂದರೆ ಪಟ್ಟಿಯ ಅಂಶಗಳು. ‘ಪುಸ್ತಕಗಳು’ ಇರುವ ಎಲ್‌ಐನಲ್ಲಿ ಒಂದು ಬಟನ್, ಅದಕ್ಕೆ ಅಂಟಿಕೊಂಡಂತೆ ಮುಂದಿನ ಅಂಶವಾಗಿ ಒಳಪಟ್ಟಿಯ ಯುಎಲ್, ಅದರಲ್ಲಿ ಆರು ಮಾಮೂಲಿ ಲಿಂಕುಗಳು. ಬಟನ್ ಮೇಲೆ ಏರಿಯಾ-ಎಕ್ಸ್‌ಪ್ಯಾಂಡೆಡ್ ಎಂಬ ಗುಣ. ಮುಚ್ಚಿದಾಗ ಅದರ ಬೆಲೆ ‘ಫಾಲ್ಸ್’, ತೆರೆದಾಗ ‘ಟ್ರೂ’. ಈಗ ನೋಡುತ್ತಿರುವ ಪುಟದ ಲಿಂಕ್‌ಗೆ ಏರಿಯಾ-ಕರೆಂಟ್, ಬೆಲೆ ‘ಪೇಜ್’. ಮುಗಿಯಿತು. ಎನ್‌ವಿಡಿಎ ಇದನ್ನು ‘ಪುಸ್ತಕಗಳು, ಬಟನ್, ಕೊಲ್ಯಾಪ್ಸ್ಡ್’ (ಮುಚ್ಚಿದೆ) ಎಂದು ಓದುತ್ತದೆ. ಒತ್ತಿದರೆ ‘ಎಕ್ಸ್‌ಪ್ಯಾಂಡೆಡ್’ (ತೆರೆದಿದೆ) ಎನ್ನುತ್ತದೆ. ಮುಂದಿನ ಹೆಜ್ಜೆಗೆ ‘ಪಟ್ಟಿ, 6 ಅಂಶ, ಕಾದಂಬರಿ, ಲಿಂಕ್’ ಎಂಬರ್ಥದ ಮಾತು ಬರುತ್ತದೆ. ಮೊದಲ ಮೂರು ಪ್ರಶ್ನೆಗೂ ಉತ್ತರ ಸಿಕ್ಕಿತು, ಆರೇ ಎಂಬ ಎಣಿಕೆಯೂ ಕೊಸರಾಗಿ ಬಂತು.

ಇಷ್ಟು ಸರಳದಲ್ಲೂ ಎಡವುವ ಜಾಗಗಳಿವೆ. ಏರಿಯಾ-ಎಕ್ಸ್‌ಪ್ಯಾಂಡೆಡ್ ಅನ್ನು ಬಟನ್ ಬಿಟ್ಟು ಪಟ್ಟಿಯ ಮೇಲೋ ಎಲ್‌ಐ ಮೇಲೋ ಹಾಕುವುದು ಒಂದು. ಆಗ ಅದನ್ನು ಯಾರೂ ಓದುವುದಿಲ್ಲ. ಸ್ಥಿತಿ ಬದಲಾದಾಗ ಬಟನ್ನಿನ ಹೆಸರನ್ನೂ ಬದಲಿಸುವುದು ಇನ್ನೊಂದು. ‘ಮೆನು ಮುಚ್ಚಿ, ಬಟನ್, ಎಕ್ಸ್‌ಪ್ಯಾಂಡೆಡ್’ ಎಂದು ಕೇಳಿದವರಿಗೆ ಅದು ಮುಚ್ಚಿದೆಯೋ ತೆರೆದಿದೆಯೋ ಎಂದು ಒಂದು ಕ್ಷಣ ತಬ್ಬಿಬ್ಬು. ಹೆಸರು ಒಂದೇ ಇರಲಿ, ಸ್ಥಿತಿಯನ್ನು ಏರಿಯಾ ಹೇಳಲಿ. ಸಫಾರಿಯಲ್ಲಿ ಇನ್ನೊಂದು ವಿಚಿತ್ರವಿದೆ: ಚುಕ್ಕೆಗಳನ್ನು ಸಿಎಸ್‌ಎಸ್‌ನಿಂದ (ಪುಟದ ರೂಪ ಹೇಳುವ ಕೋಡ್) ತೆಗೆದ ಪಟ್ಟಿಯನ್ನು ವಾಯ್ಸ್‌ಓವರ್ ಪಟ್ಟಿಯೆಂದು ಪರಿಗಣಿಸದೆ ಬಿಡಬಹುದು. ನ್ಯಾವ್ ಒಳಗಿನ ಪಟ್ಟಿಗೆ ಈ ತೊಂದರೆ ಇಲ್ಲ. ಹೊರಗಿನದಾದರೆ ‘ಲಿಸ್ಟ್’ ಎಂಬ ರೋಲ್ (ಅಂಶ ಯಾವ ಬಗೆಯದೆಂದು ಹೇಳುವ ಗುಣ) ಕೊಟ್ಟರೆ ಸರಿಹೋಗುತ್ತದೆ.

ಒಳಪಟ್ಟಿ ಬಟನ್ನಿನ ಪಕ್ಕದಲ್ಲೇ ಇರಬೇಕು ಎಂದದ್ದು ಸುಮ್ಮನೆ ಅಲ್ಲ. ದೊಡ್ಡ ಮೆಗಾ ಮೆನುಗಳನ್ನು ಕಟ್ಟುವ ಹಲವು ಲೈಬ್ರರಿಗಳು ಫಲಕವನ್ನು ಬಾಡಿ ಟ್ಯಾಗಿನ ಕೊನೆಗೆ ಒಯ್ದು ಅಂಟಿಸುತ್ತವೆ. ತೆರೆಯ ಮೇಲೆ ಅದು ಬಟನ್ನಿನ ಕೆಳಗೇ ಕಾಣುತ್ತದೆ. ಕೇಳುವವರಿಗೆ ‘ಎಕ್ಸ್‌ಪ್ಯಾಂಡೆಡ್’ ಆದ ಮೇಲೆ ಬರುವುದು ‘ಸದಸ್ಯತ್ವ’. ತೆರೆದದ್ದು ಎಲ್ಲಿ ಹೋಯಿತು? ಪುಟದ ಅಡಿಟಿಪ್ಪಣಿಯನ್ನೂ ದಾಟಿ ಕೂತಿರುತ್ತದೆ. ಬಟನ್ ಯಾವ ಫಲಕವನ್ನು ತೆರೆಯುತ್ತದೆಂದು ಹೇಳುವ ಏರಿಯಾ-ಕಂಟ್ರೋಲ್ಸ್ ಬರೆದರೆ ಕೊಂಡಿ ಕೂಡಿತಲ್ಲ ಎನ್ನುವವರಿದ್ದಾರೆ. ಅದನ್ನು ಬಳಸಿಕೊಂಡು ಜಿಗಿಯುವ ಸೌಕರ್ಯ ಜಾಸ್ ಬಿಟ್ಟರೆ ಬೇರೆಡೆ ಇಲ್ಲವೆನ್ನುವಷ್ಟು ಕಡಿಮೆ. ಬರೆದರೆ ನಷ್ಟವಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

‘ಮೆನು’ ಎಂಬ ಪದದ ಬಲೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತಿಳಿದವರೇ ಬೀಳುವ ಹಳ್ಳ ಇದು. ಏರಿಯಾದ ಪೂರ್ಣ ಹೆಸರು ವೈ-ಏರಿಯಾ. ಅದರ 1.0 ಆವೃತ್ತಿ ಜಾಲದ ಮಾನದಂಡ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದದ್ದು 2014ರಲ್ಲಿ, 1.2 ಬಂದದ್ದು 2023ರಲ್ಲಿ. ಅದರಲ್ಲಿ ‘ಮೆನು’, ‘ಮೆನುಬಾರ್’, ‘ಮೆನುಐಟಂ’ ಎಂಬ ರೋಲ್‌ಗಳಿವೆ. ನಾವು ಕಟ್ಟುತ್ತಿರುವುದೂ ಮೆನು ತಾನೇ ಎಂದು ಅವನ್ನು ತಂದು ಹಾಕುತ್ತಾರೆ. ಹೆಸರು ಒಂದೇ, ವಸ್ತು ಬೇರೆ. ಏರಿಯಾದ ‘ಮೆನು’ ಎಂದರೆ ವರ್ಡ್ ಅಥವಾ ಗೂಗಲ್ ಡಾಕ್ಸ್‌ನಲ್ಲಿ ಫೈಲ್, ಎಡಿಟ್ ಎಂದು ಇಳಿಯುತ್ತದಲ್ಲ, ಆ ಬಗೆಯದು: ಆದೇಶಗಳ ಪಟ್ಟಿ. ಜಾಲತಾಣದ ಮೆನು ಲಿಂಕುಗಳ ಪಟ್ಟಿ, ಅಷ್ಟೇ.

ರೋಲ್ ಬದಲಿಸಿದ ಕೂಡಲೇ ಏನಾಗುತ್ತದೆ ನೋಡಿ. ಫೋಕಸ್ (ಒತ್ತಿದ ಕೀ ಈಗ ತಲುಪುವ ಜಾಗ) ಮೆನುವಿನೊಳಗೆ ಹೊಕ್ಕಾಗ ಸ್ಕ್ರೀನ್ ರೀಡರ್ ತಾನಾಗಿ ಫೋಕಸ್ ಮೋಡ್‌ಗೆ ಹೋಗುತ್ತದೆ. ‘ಎಚ್’, ‘ಕೆ’ ಕೆಲಸ ಮಾಡುವುದಿಲ್ಲ. ಒಳಗಿನವು ಲಿಂಕ್ ಎಂಬ ಗುರುತು ಅಳಿದು ‘ಮೆನು ಐಟಂ’ ಆಗುತ್ತವೆ, ಆದ್ದರಿಂದ ಲಿಂಕುಗಳ ಪಟ್ಟಿ ತರಿಸಿಕೊಂಡರೂ ಅವು ಅಲ್ಲಿ ಕಾಣಸಿಗುವುದಿಲ್ಲ. ಬಳಕೆದಾರರು ಈಗ ಡೆಸ್ಕ್‌ಟಾಪ್ ಮೆನುವಿನ ನಡವಳಿಕೆಯನ್ನೇ ನಿರೀಕ್ಷಿಸುತ್ತಾರೆ: ಮೇಲೆ ಕೆಳಗೆ ಬಾಣದಿಂದ ಓಡಾಟ, ಹೋಮ್ ಒತ್ತಿದರೆ ಮೊದಲನೆಯದು, ಎಂಡ್ ಒತ್ತಿದರೆ ಕೊನೆಯದು, ಅಕ್ಷರ ಒತ್ತಿದರೆ ಆ ಅಕ್ಷರದ ಐಟಂ, ಟ್ಯಾಬ್ ಒತ್ತಿದರೆ ಮೆನುವಿನಿಂದಲೇ ಹೊರಗೆ. ಇದನ್ನೆಲ್ಲ ನೀವೇ ಬರೆಯಬೇಕು. ಬಾಣದ ಕೀಗಳನ್ನು ಬರೆಯದೆ ರೋಲ್ ಮಾತ್ರ ಹಾಕಿದ ಮೆನುವಿನಲ್ಲಿ ಕೆಳಬಾಣ ಒತ್ತಿದರೆ ಮೌನ. ಆ ಮೌನಕ್ಕಿಂತ ಏರಿಯಾ ಇಲ್ಲದ ಬರಿಯ ಲಿಂಕುಗಳೇ ಎಷ್ಟೋ ವಾಸಿ.

ಒತ್ತಿದರೆ ಮೆನು ತೆರೆಯುತ್ತದೆಂದು ಸಾರುವ ಏರಿಯಾ-ಹ್ಯಾಸ್‌ಪಾಪಪ್ ಕೂಡ ಇದೇ ಸಂಸಾರದ್ದು. ಅದಕ್ಕೆ ‘ಟ್ರೂ’ ಎಂದು ಕೊಟ್ಟರೆ ‘ಮೆನು’ ಎಂದು ಕೊಟ್ಟಂತೆಯೇ. ಬಟನ್ ‘ಮೆನು ಬಟನ್’ ಆಗಿ ಕೇಳಿಸುತ್ತದೆ, ಒಳಗೆ ಮೇಲೆ ಹೇಳಿದ ಏರ್ಪಾಡೆಲ್ಲ ಇದೆ ಎಂಬ ಭರವಸೆ ಹುಟ್ಟಿಸುತ್ತದೆ. ಲಿಂಕುಗಳ ಡ್ರಾಪ್‌ಡೌನ್‌ಗೆ ಇದು ಬೇಡವೇ ಬೇಡ.

ಮುಚ್ಚಿದ್ದು ನಿಜವಾಗಿ ಮುಚ್ಚಿರಬೇಕು

ಪಟ್ಟಿ ಮೆಲ್ಲಗೆ ಇಳಿದು ಬರುವಂತೆ ಕಾಣಲಿ ಎಂದು ಅಪಾರದರ್ಶಕತೆಯನ್ನು ಸೊನ್ನೆ ಮಾಡಿಯೋ, ಎತ್ತರವನ್ನು ಸೊನ್ನೆ ಮಾಡಿ ಉಳಿದದ್ದನ್ನು ಕತ್ತರಿಸಿಯೋ ಮರೆಮಾಡುವುದು ರೂಢಿ. ಕಣ್ಣಿಗೆ ಮರೆಯಾಯಿತು, ಆದರೆ ಲಿಂಕುಗಳು ಅಲ್ಲೇ ಇವೆ. ಟ್ಯಾಬ್ ಒತ್ತುತ್ತ ಹೋದರೆ ಕಾಣದ ಆರು ನಿಲುಗಡೆಗಳು. ಕೀಲಿಮಣೆ ಬಳಸುವ, ನೋಡಬಲ್ಲ ವ್ಯಕ್ತಿಗೆ ಫೋಕಸ್ ಎಲ್ಲೋ ಕಳೆದುಹೋದಂತೆ. ಕೇಳುವವರಿಗೆ ‘ಕೊಲ್ಯಾಪ್ಸ್ಡ್’ ಎಂದ ಬೆನ್ನಿಗೇ ಒಳಗಿನ ಲಿಂಕುಗಳೆಲ್ಲ ಕೇಳಿಬರುತ್ತವೆ. ಐದು ಡ್ರಾಪ್‌ಡೌನ್ ಇದ್ದು ಒಂದೊಂದರಲ್ಲೂ 12 ಲಿಂಕ್ ಇದ್ದರೆ ಮುಖ್ಯ ವಿಷಯಕ್ಕೆ ಹೋಗುವ ಮೊದಲು 60 ಅನಗತ್ಯ ಒತ್ತು.

ಡಿಸ್‌ಪ್ಲೇ ನನ್, ವಿಸಿಬಿಲಿಟಿ ಹಿಡನ್, ಅಥವಾ ಎಚ್‌ಟಿಎಂಎಲ್‌ನ ಹಿಡನ್ ಗುಣ: ಈ ಮೂರು ಕಣ್ಣಿಗೂ ಕಿವಿಗೂ ಟ್ಯಾಬ್‌ಗೂ ಒಟ್ಟಿಗೆ ಮುಚ್ಚುತ್ತವೆ. ಚಲನೆ ಬೇಕೇ ಬೇಕೆಂದರೆ ಅಪಾರದರ್ಶಕತೆಯ ಜೊತೆಗೆ ವಿಸಿಬಿಲಿಟಿಯನ್ನೂ ಟ್ರಾನ್ಸಿಷನ್‌ಗೆ ಸೇರಿಸಿ. ಇಳಿಯುವ ಅಂದವೂ ಉಳಿಯುತ್ತದೆ, ಮುಚ್ಚುವುದೂ ಪೂರ್ತಿಯಾಗುತ್ತದೆ. ಸ್ಕ್ರೀನ್ ರೀಡರ್‌ನಿಂದಷ್ಟೇ ಮರೆಮಾಡುವ ಏರಿಯಾ-ಹಿಡನ್ ಮಾತ್ರ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಟ್ಯಾಬ್ ಅಲ್ಲಿ ನಿಲ್ಲುತ್ತದೆ, ಸ್ಕ್ರೀನ್ ರೀಡರ್‌ಗೆ ಹೇಳಲು ಮಾತೇ ಇರುವುದಿಲ್ಲ.

ಒಂದು ಅಭ್ಯಾಸ ಇಟ್ಟುಕೊಂಡರೆ ಅನುಕೂಲ. ಪಟ್ಟಿಯನ್ನು ತೋರಿಸುವ ಸಿಎಸ್‌ಎಸ್ ನಿಯಮವನ್ನು ‘ತೆರೆದಿದೆ’ ಎಂಬ ಕ್ಲಾಸಿಗೆ ಕಟ್ಟುವ ಬದಲು ಬಟನ್ನಿನ ಏರಿಯಾ-ಎಕ್ಸ್‌ಪ್ಯಾಂಡೆಡ್ ಬೆಲೆಗೇ ಕಟ್ಟಿ. ಆಗ ಏರಿಯಾ ಬದಲಿಸಲು ಮರೆತರೆ ಮೆನು ಕಣ್ಣಿಗೂ ತೆರೆಯುವುದಿಲ್ಲ, ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತದೆ.

ತೆರೆಯುವುದು, ಮುಚ್ಚುವುದು, ಫೋಕಸ್ ಎಲ್ಲಿ ನಿಲ್ಲಬೇಕು

ಬಟನ್ ಒತ್ತಿದಾಗ ಫೋಕಸ್ ಬಟನ್ ಮೇಲೆಯೇ ಇರಲಿ. ಮೊದಲ ಲಿಂಕಿಗೆ ಎಳೆದೊಯ್ದರೆ ‘ಎಕ್ಸ್‌ಪ್ಯಾಂಡೆಡ್’ ಎಂಬ ಮಾತು ಅರ್ಧಕ್ಕೇ ತುಂಡಾಗುತ್ತದೆ. ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚಬೇಕು, ಫೋಕಸ್ ಪಟ್ಟಿಯೊಳಗಿದ್ದರೆ ಬಟನ್ನಿಗೆ ಮರಳಬೇಕು. ಮರಳಿಸದಿದ್ದರೆ ಫೋಕಸ್ ಇದ್ದ ಲಿಂಕೇ ಮಾಯವಾಗಿ, ಓದು ಪುಟದ ತಲೆಗೆ ಹೋಗಿ ಬೀಳುವ ಸಂಭವವಿದೆ. ಕೊನೆಯ ಲಿಂಕ್ ದಾಟಿ ಟ್ಯಾಬ್ ಒತ್ತಿದಾಗ ಪಟ್ಟಿ ತಾನಾಗಿ ಮುಚ್ಚುವುದು ಒಳ್ಳೆಯದು. ಇಲ್ಲವಾದರೆ ತೆರೆದ ಫಲಕ ಮುಂದಿನ ಫೋಕಸನ್ನು ಮುಚ್ಚಿಕೊಂಡು ನಿಲ್ಲುತ್ತದೆ. ಜಾಲತಾಣಗಳು ಎಲ್ಲರಿಗೂ ಎಟುಕಲೆಂದು ಇರುವ ಮಾನದಂಡ ಡಬ್ಲ್ಯುಸಿಎಜಿಯ 2023ರ 2.2 ಆವೃತ್ತಿಯಲ್ಲಿ ಇದಕ್ಕೆಂದೇ 2.4.11 ಎಂಬ ನಿಯಮ ಬಂದಿದೆ.

ಈ ತಾನಾಗಿ ಮುಚ್ಚುವಿಕೆಯನ್ನು ಫೋಕಸ್‌ಔಟ್ (ಫೋಕಸ್ ಹೊರಹೋದ) ಘಟನೆಗೆ ಕಟ್ಟುವವರು ಒಂದನ್ನು ನೆನಪಿಡಬೇಕು. ಮ್ಯಾಕ್‌ನ ಸಫಾರಿಯಲ್ಲಿ ಮೌಸ್‌ನಿಂದ ಒತ್ತಿದ ಬಟನ್ ಫೋಕಸ್ ಪಡೆಯುವುದಿಲ್ಲ. ಆಗ ಫೋಕಸ್ ಹೊಸದಾಗಿ ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಶೂನ್ಯ. ಶೂನ್ಯವೆಂದರೆ ಹೊರಗೆ ಹೋದರು ಎಂದೇ ಅರ್ಥಮಾಡಿಕೊಂಡ ಕೋಡ್ ಪಟ್ಟಿಯನ್ನು ಮುಚ್ಚುತ್ತದೆ, ಅದೇ ಕ್ಲಿಕ್ ಅದನ್ನು ಮತ್ತೆ ತೆರೆಯುತ್ತದೆ. ಮುಚ್ಚಲೆಂದು ಒತ್ತಿದವರಿಗೆ ಮೆನು ಮುಚ್ಚುವುದೇ ಇಲ್ಲ. ಫೋಕಸ್ ಖಚಿತವಾಗಿ ಮೆನುವಿನ ಹೊರಗಿನ ಅಂಶಕ್ಕೆ ಹೋದಾಗ ಮಾತ್ರ ಮುಚ್ಚಿ.

ಹೋವರ್ ಇರಬಾರದೆಂದಲ್ಲ, ಅದೊಂದೇ ದಾರಿಯಾಗಬಾರದು. ಮೌಸ್ ಹಾಯ್ದಾಗಲೂ ತೆರೆಯಬೇಕೆಂದಿದ್ದರೆ ಆ ಘಟನೆ ನಿಜಕ್ಕೂ ಮೌಸ್‌ನಿಂದ ಬಂದದ್ದೇ ಎಂದು ಪಾಯಿಂಟರ್ ಬಗೆಯನ್ನು ಪರೀಕ್ಷಿಸಿ. ಟಚ್ ಪರದೆಯಲ್ಲಿ ಒಂದು ತಟ್ಟಿಗೆ ಹೋವರ್, ಕ್ಲಿಕ್ ಎರಡೂ ಬರಬಹುದು. ಹೋವರ್ ತೆರೆಯುತ್ತದೆ, ಕ್ಲಿಕ್ ಮುಚ್ಚುತ್ತದೆ, ಪರದೆ ಮಿಣಕ್ ಎಂದು ಸುಮ್ಮನಾಗುತ್ತದೆ. ಹೋವರ್‌ನಿಂದ ತೆರೆದದ್ದನ್ನು ಮೌಸ್ ಕದಲಿಸದೆ ಎಸ್ಕೇಪ್‌ನಿಂದ ಮುಚ್ಚಲಾಗಬೇಕು, ಪಟ್ಟಿಯ ಮೇಲೆ ಮೌಸ್ ಒಯ್ದರೆ ಅದು ಮಾಯವಾಗಬಾರದು. ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡುವ ಮಂದದೃಷ್ಟಿಯವರಿಗೆ ಬಟನ್ನಿಗೂ ಪಟ್ಟಿಗೂ ನಡುವಿನ 8 ಪಿಕ್ಸೆಲ್ ಸಂದು ಕೂಡ ಹೊಳೆ ದಾಟಿದಷ್ಟೇ.

ಹೆಸರೇ ಲಿಂಕೂ ಆಗಿದ್ದರೆ?

‘ಪುಸ್ತಕಗಳು’ ಎಂಬುದಕ್ಕೆ ಸ್ವಂತ ಪುಟವೂ ಇದೆ, ಕೆಳಗೆ ಪಟ್ಟಿಯೂ ಇದೆ. ಒಂದೇ ಅಂಶ ಎರಡನ್ನೂ ಮಾಡಲಾರದು. ಲಿಂಕ್ ಒಂದು, ಪಕ್ಕದಲ್ಲಿ ಬಾಣದ ಬಟನ್ ಇನ್ನೊಂದು ಎಂದು ಬಿಡಿಸಬಹುದು. ಆಗ ಆ ಬಟನ್ನಿಗೆ ‘ಪುಸ್ತಕಗಳ ವಿಭಾಗಗಳು’ ಎಂದು ಸ್ವಂತ ಹೆಸರು ಬೇಕು, ಒತ್ತುವ ಜಾಗ ಕನಿಷ್ಠ 24ಕ್ಕೆ 24 ಸಿಎಸ್‌ಎಸ್ ಪಿಕ್ಸೆಲ್ ಇರಬೇಕು. ಲಿಂಕಿನ ಒಳಗೆ ಬಟನ್ ತುರುಕಬಾರದು, ಅದು ಎಚ್‌ಟಿಎಂಎಲ್‌ಗೇ ಒಪ್ಪಿಗೆಯಿಲ್ಲ. ನಮಗೆ ಹಿಡಿಸುವುದು ಇನ್ನೂ ಸರಳ ದಾರಿ: ಹೆಸರು ಬರಿಯ ಬಟನ್ ಆಗಿರಲಿ, ಒಳಪಟ್ಟಿಯ ಮೊದಲ ಲಿಂಕ್ ‘ಎಲ್ಲ ಪುಸ್ತಕಗಳು’ ಆಗಲಿ. ಕೇಳಲೂ ಅರ್ಧ ಮಾತು ಕಡಿಮೆ.

ಬಾಣದ ಗುರುತಿನ ಬಗ್ಗೆ ಒಂದು ಮಾತು. ಹೆಸರಿನ ಮುಂದೆ ‘▼’ ಎಂದು ಟೈಪ್ ಮಾಡಿದರೆ ‘ಪುಸ್ತಕಗಳು, ಕೆಳಮುಖ ತ್ರಿಕೋನ’ ಎಂಬಂಥ ಓದು ಬರಬಹುದು. ಸಿಎಸ್‌ಎಸ್‌ನ ಕಂಟೆಂಟ್‌ನಿಂದ ಹಾಕಿದರೂ ತಪ್ಪದು, ಅದೂ ಹೆಸರಿಗೆ ಸೇರಿಕೊಳ್ಳುತ್ತದೆ. ಮೂರು ಅಡ್ಡಗೆರೆಯ ಹ್ಯಾಂಬರ್ಗರ್ ಗುರುತಾಗಿ ಬಳಸುವ ‘☰’ ಅಕ್ಷರಕ್ಕೆ ಯೂನಿಕೋಡ್ ಇಟ್ಟಿರುವ ಹೆಸರು ಸ್ವರ್ಗದ ತ್ರಿರೇಖೆ ಎಂಬರ್ಥದ್ದು. ಮೆನು ಬಟನ್ ಹುಡುಕುತ್ತಿದ್ದವರಿಗೆ ಸ್ವರ್ಗ ಸಿಕ್ಕಿದರೆ ಏನು ಮಾಡಿಯಾರು? ಎಸ್‌ವಿಜಿ ಚಿತ್ರ ಬಳಸಿ ಅದಕ್ಕೆ ಏರಿಯಾ-ಹಿಡನ್ ಕೊಡಿ, ಹೆಸರನ್ನು ಪಠ್ಯವಾಗಿ ಬರೆಯಿರಿ.

ಜಾವಾಸ್ಕ್ರಿಪ್ಟ್ ಬೇಡವೆನ್ನುವವರಿಗೆ ಎಚ್‌ಟಿಎಂಎಲ್‌ನ ಡೀಟೇಲ್ಸ್-ಸಮ್ಮರಿ ಟ್ಯಾಗುಗಳ ಜೋಡಿ ಇದೆ. ಚಿಕ್ಕ ತಾಣಕ್ಕೆ ಸಾಕು, ಆದರೆ ಎಸ್ಕೇಪ್‌ಗೆ ಅದು ಮುಚ್ಚುವುದಿಲ್ಲ. 2024ರ ಹೊತ್ತಿಗೆ ಎಲ್ಲ ಪ್ರಮುಖ ಬ್ರೌಸರುಗಳಿಗೂ ಬಂದ ಪಾಪ್‌ಓವರ್ ಗುಣ ಹೆಚ್ಚು ಗಟ್ಟಿ. ಬಟನ್ನಿನ ತೆರೆದ-ಮುಚ್ಚಿದ ಸ್ಥಿತಿ, ಎಸ್ಕೇಪ್, ಹೊರಗೆ ಒತ್ತಿದರೆ ಮುಚ್ಚುವುದು ಎಲ್ಲವನ್ನೂ ಬ್ರೌಸರ್ ವಹಿಸಿಕೊಳ್ಳುತ್ತದೆ. ಅದರಲ್ಲೂ ಪಟ್ಟಿಯನ್ನು ಬಟನ್ನಿನ ಪಕ್ಕವೇ ಬರೆಯಿರಿ. ಟ್ಯಾಬ್ ಕ್ರಮವನ್ನು ಬ್ರೌಸರ್ ಸರಿಪಡಿಸಿದರೂ ಬ್ರೌಸ್ ಮೋಡ್‌ನ ಓದು ಕೋಡ್ ಇರುವ ಕ್ರಮದಲ್ಲೇ ಸಾಗುತ್ತದೆ.

ಕನ್ನಡದ ತಾಣಗಳಲ್ಲಿ ಬೇರೆಯದೇ ತೊಡಕು

ಮೆನು ಎಷ್ಟೇ ಚೆನ್ನಾಗಿ ಕಟ್ಟಿದರೂ ಪುಟದ ಭಾಷೆ ತಪ್ಪಿದ್ದರೆ ಕೇಳಿಸುವುದು ಗದ್ದಲ. ಇಂಗ್ಲಿಷ್ ಟೆಂಪ್ಲೇಟಿನಿಂದ ಎತ್ತಿದ ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ‘ಇಎನ್’ ಎಂದೇ ಉಳಿದಿರುತ್ತದೆ. ಭಾಷೆ ನೋಡಿ ಧ್ವನಿ ಬದಲಿಸುವ ಸ್ಕ್ರೀನ್ ರೀಡರ್ ಆಗ ಕನ್ನಡವನ್ನು ಇಂಗ್ಲಿಷ್ ಧ್ವನಿಗೆ ಕೊಟ್ಟುಬಿಡುತ್ತದೆ. ಕನ್ನಡ ಪುಟಕ್ಕೆ ‘ಕೆಎನ್’ ಇರಬೇಕು. ಭಾಷೆ ಬದಲಿಸುವ ಡ್ರಾಪ್‌ಡೌನ್‌ನಲ್ಲಿ ಒಂದೊಂದು ಲಿಂಕಿಗೂ ಅದರದೇ ಭಾಷಾ ಗುರುತು ಬೇಕು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಯಾಂತ್ರಿಕವಾಗಿ ಕೇಳಿಸುತ್ತದೆ, ಆದರೆ ಓದುತ್ತದೆ.

ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳ ಪಠ್ಯ ಮೆನುವಿನಲ್ಲಿ ಉಳಿದಿದ್ದರೆ ಏರಿಯಾದಿಂದ ಏನೂ ಆಗದು. ಕನ್ನಡವಾಗಿ ಕಾಣುವುದು ಫಾಂಟಿನ ವೇಷ ಮಾತ್ರ, ಒಳಗಿರುವುದು ಲ್ಯಾಟಿನ್ ಅಕ್ಷರಗಳ ಚೂರುಪಾರು. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿ.

ಹೆಸರಿಡುವಾಗ ಬೇರ್ಪಡಿಸುವ ಪದ ಮುಂದೆ ಬರಲಿ. ಎಂಟು ಲಿಂಕುಗಳೂ ‘ಕರ್ನಾಟಕ ಸರ್ಕಾರದ’ ಎಂದೇ ಶುರುವಾದರೆ ಎಂಟು ಸಲವೂ ಅದನ್ನು ಕೇಳಿಯೇ ಮುಂದೆ ಹೋಗಬೇಕು. ‘ವೃದ್ಧಾಪ್ಯ ವೇತನ’ ಎಂದು ಶುರುವಾದರೆ ಬೇಡದವರು ಮೊದಲ ಪದ ಕೇಳಿದೊಡನೆ ಮುಂದಕ್ಕೆ ಜಿಗಿಯುತ್ತಾರೆ. ಸರ್ಕಾರಿ ಜಾಲತಾಣಗಳ 2023ರ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1ರ ‘ಎಎ’ ಮಟ್ಟವನ್ನು ಕೇಳುತ್ತದೆ, ಆದರೆ ಪದಗಳ ಈ ಕ್ರಮವನ್ನು ಯಾವ ತಪಾಸಣಾ ಉಪಕರಣವೂ ಹಿಡಿದುಕೊಡುವುದಿಲ್ಲ.

ಫಾರಂನ ಆಯ್ಕೆಪಟ್ಟಿಗಳಲ್ಲಿ, ಅಂದರೆ ಸೆಲೆಕ್ಟ್‌ನಲ್ಲಿ, ಇದು ಇನ್ನೂ ಕಾಡುತ್ತದೆ. ಕರ್ನಾಟಕದ 31 ಜಿಲ್ಲೆಗಳ ಪಟ್ಟಿಯನ್ನು ಇಂಗ್ಲಿಷಿನಿಂದ ಅನುವಾದಿಸಿ ಕ್ರಮವನ್ನು ಹಾಗೆಯೇ ಬಿಟ್ಟರೆ ಬಾಗಲಕೋಟೆ ಮೊದಲು ಬರುತ್ತದೆ, ಉಡುಪಿ 27ನೆಯದು. ಕನ್ನಡ ಅಕ್ಷರಮಾಲೆಯಲ್ಲಿ ಉಡುಪಿಯೇ ಮೊದಲು. ಕಣ್ಣಾಡಿಸುವವರು ಹೇಗೋ ಹುಡುಕಿಕೊಳ್ಳುತ್ತಾರೆ. ಒಂದೊಂದೇ ಕೇಳುವವರಿಗೆ ಆ ಕ್ರಮ ಚೀಟಿ ಎತ್ತಿದ ಹಾಗೆ. ಇಂಗ್ಲಿಷ್ ಕೀಲಿಮಣೆ ಇರುವಾಗ ಅಕ್ಷರ ಒತ್ತಿ ಕನ್ನಡ ಹೆಸರಿಗೆ ಹಾರುವುದೂ ಸಾಧ್ಯವಿಲ್ಲ. ಜಾವಾಸ್ಕ್ರಿಪ್ಟ್‌ನ ಹೋಲಿಕೆ ಸೌಲಭ್ಯಕ್ಕೆ ಭಾಷೆ ‘ಕೆಎನ್’ ಎಂದು ಹೇಳಿ ವಿಂಗಡಿಸಿದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಸೆಲೆಕ್ಟನ್ನು ಡಿವ್‌ಗಳಿಂದ ಮರುಕಟ್ಟಬೇಡಿ. ಬಣ್ಣಕ್ಕಾಗಿ ಮಾಡುವ ಆ ಕೆಲಸಕ್ಕೆ ಕಾಂಬೋಬಾಕ್ಸ್, ಲಿಸ್ಟ್‌ಬಾಕ್ಸ್, ಆಪ್ಷನ್ ರೋಲ್‌ಗಳಿಂದ ಹಿಡಿದು ಸಕ್ರಿಯ ಐಟಂ ಯಾವುದೆಂದು ಹೇಳುವ ಗುಣದವರೆಗೆ ಎಲ್ಲ ನೀವೇ ಹೊರಬೇಕು. ಆಯ್ಕೆ ಬದಲಾದ ಕ್ಷಣವೇ ಬೇರೆ ಪುಟಕ್ಕೆ ಒಯ್ಯುವ ಸೆಲೆಕ್ಟ್ ಅಂತೂ ಬೇಡ. ವಿಂಡೋಸ್‌ನಲ್ಲಿ ಮುಚ್ಚಿದ ಸೆಲೆಕ್ಟ್ ಮೇಲೆ ಕೆಳಬಾಣ ಒತ್ತಿದರೆ ಆಯ್ಕೆ ಬದಲಾಗಿಬಿಡುತ್ತದೆ, ಎರಡನೆಯದನ್ನು ದಾಟಿ ಮೂರನೆಯದನ್ನು ಕೇಳುವ ಮೊದಲೇ ಪುಟ ಹಾರಿರುತ್ತದೆ. ಪಕ್ಕದಲ್ಲಿ ‘ಹೋಗಿ’ ಎಂಬ ಬಟನ್ ಇಟ್ಟರೆ ತೀರಿತು.

ಪರೀಕ್ಷೆ

ಎನ್‌ವಿಡಿಎ ಉಚಿತ. ಅದರ ಪರಿಕರಗಳಲ್ಲಿ ಸ್ಪೀಚ್ ವ್ಯೂವರ್ ತೆರೆದರೆ ಹೇಳುವುದೆಲ್ಲ ಪಠ್ಯವಾಗಿ ಕಾಣುತ್ತದೆ. ಕೇಳಿ ಅಭ್ಯಾಸವಿಲ್ಲದ ಡೆವಲಪರ್‌ಗಳಿಗೆ ಇದು ಊರುಗೋಲು. ಮೌಸ್ ಪಕ್ಕಕ್ಕಿಡಿ. ಮೊದಲ ಸುತ್ತು ಟ್ಯಾಬ್‌ನಿಂದ ಮಾತ್ರ: ಐದು ಹೆಸರಿಗೆ ಐದೇ ನಿಲುಗಡೆ ಬರಬೇಕು. ಹೆಚ್ಚು ಬಂದರೆ ಮುಚ್ಚಿದ್ದು ಮುಚ್ಚಿಲ್ಲ. ಎರಡನೆಯ ಸುತ್ತು ಕೆಳಬಾಣದಿಂದ ಮಾತ್ರ: ‘ಎಕ್ಸ್‌ಪ್ಯಾಂಡೆಡ್’ ಆದ ಮೇಲೆ ‘ಕಾದಂಬರಿ’ಯೇ ಬರಬೇಕು. ಇನ್‌ಸರ್ಟ್ ಜೊತೆ ಎಫ್7 ಒತ್ತಿ ಲಿಂಕುಗಳ ಪಟ್ಟಿ ತರಿಸಿ, ತೆರೆದ ಆರೂ ಅಲ್ಲಿರಬೇಕು. ಆಮೇಲೆ ಫೋನ್. ಟಾಕ್‌ಬ್ಯಾಕ್ ಅನ್ನು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಚಾಲೂ ಮಾಡಿ, ಸವರುತ್ತ ಮೆನುವನ್ನು ದಾಟಿ ನೋಡಿ. ತಾನಾಗಿ ತಪಾಸಿಸುವ ಉಪಕರಣಗಳು ಹೆಸರಿಲ್ಲದ ಬಟನ್ನನ್ನು ಹಿಡಿಯುತ್ತವೆ. ‘ಫಾಲ್ಸ್’ ಎಂದೇ ಹೆಪ್ಪುಗಟ್ಟಿ ಕೂತ ಏರಿಯಾ-ಎಕ್ಸ್‌ಪ್ಯಾಂಡೆಡ್ ಅವುಗಳ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವು ಬಟನ್ ಒತ್ತಿ ನೋಡುವುದಿಲ್ಲ.